ಕರ್ನಾಟಕದ ರಣಭೂಮಿಗಳಿಗೆ ಹೋಗಿ ಬರುವುದು ಹೇಗೆ?

ಶ್ರೀರಂಗಪಟ್ಟಣಕ್ಕೆ ನಾನು ಮೊದಲ ಸಲ ಹೋದದ್ದು ಶಾಲೆಯ ಪ್ರವಾಸದಲ್ಲಿ. ಬಸ್ಸು ನಿಂತಿತು, ಇಳಿದೆವು. "ಇದೇ ಟಿಪ್ಪು ಬಿದ್ದ ಜಾಗ" ಎಂದು ಮೇಷ್ಟ್ರು ತೋರಿಸಿದರು. ಫಲಕದ ಮುಂದೆ ಒಂದು ಫೋಟೋ ಆಯಿತು, ಮತ್ತೆ ಬಸ್ಸು ಹತ್ತಿದೆವು. ಮನೆಗೆ ಬಂದಾಗ ನೆನಪಿದ್ದದ್ದು ಚುರುಮುರಿ ಮಾತ್ರ.

ಎಷ್ಟೋ ವರ್ಷಗಳ ಮೇಲೆ ಒಂದು ಮೇ ತಿಂಗಳಲ್ಲಿ ಮತ್ತೆ ಹೋದೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕೋಟೆಯ ವಾಯವ್ಯ ಮೂಲೆಯಲ್ಲಿ ನಿಂತಿದ್ದೆ. ಕೆಳಗೆ ಕಾವೇರಿಯಲ್ಲಿ ಬಂಡೆಗಳು ಎದ್ದು ಕಾಣುತ್ತಿದ್ದವು. ನಡುವೆ ಅಲ್ಲಲ್ಲಿ ನೀರು. 1799ರ ಮೇ 4ರಂದು ಇಂಥದ್ದೇ ಬಿಸಿಲಿನಲ್ಲಿ, ಇದೇ ಹೊತ್ತಿಗೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಈ ಹೊಳೆ ದಾಟಿ ಬಂದಿತ್ತು. ಒಂದು ತಿಂಗಳು ತಡವಾಗಿದ್ದರೆ ಮುಂಗಾರು ಶುರುವಾಗಿ ಹೊಳೆ ತುಂಬುತ್ತಿತ್ತು. ದಾಟುವುದು ಆಗದ ಮಾತು. ಪುಸ್ತಕದಲ್ಲಿ ನಾಲ್ಕು ಸಲ ಓದಿದ್ದರೂ ಇದು ನನಗೆ ಹೊಳೆದದ್ದು ಅಲ್ಲಿ ನಿಂತಾಗಲೇ.

ಆ ದಿನದಿಂದ ನಮ್ಮ ರಾಜ್ಯದ ಯುದ್ಧದ ಜಾಗಗಳನ್ನೂ ಸೇನೆಯ ವಸ್ತುಸಂಗ್ರಹಾಲಯಗಳನ್ನೂ ಒಂದೊಂದಾಗಿ ನೋಡುತ್ತಾ ಬಂದಿದ್ದೇನೆ. ಹೇಗೆ ಹೋದರೆ ಚೆನ್ನ, ಏನು ನೋಡಬೇಕು, ಎಲ್ಲಿ ಹುಷಾರಾಗಿರಬೇಕು ಎಂದು ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಒಂದು ಕಾಳಗ ಆರಿಸಿಕೊಳ್ಳಿ

"ಮೂರು ದಿನದಲ್ಲಿ ಎಂಟು ಕೋಟೆ" ಎಂದು ಹೊರಡಬೇಡಿ. ಎಂಟನೆಯ ಕೋಟೆಯ ಹೊತ್ತಿಗೆ ಎಲ್ಲಾ ಗೋಡೆಗಳೂ ಒಂದೇ ತರಹ ಕಾಣುತ್ತವೆ. ಒಂದು ಯುದ್ಧ ಹಿಡಿಯಿರಿ. ಅದಕ್ಕೆ ಸಂಬಂಧಪಟ್ಟ ಎರಡು ಮೂರು ಜಾಗ ಸೇರಿಸಿ ಒಂದು ಪ್ರವಾಸ ಮಾಡಿ. ಮೈಸೂರು ಯುದ್ಧಗಳು ಬೇಕೆಂದರೆ ಶ್ರೀರಂಗಪಟ್ಟಣ, ಬೆಂಗಳೂರು ಕೋಟೆ, ಮಲೆನಾಡಿನಲ್ಲಿ ನಗರ ಎಂಬ ಊರು. ವಿಜಯನಗರದ ಕೊನೆ ನೋಡಬೇಕೆಂದರೆ ರಾಯಚೂರು, ಕೃಷ್ಣಾ ತೀರ, ವಿಜಯಪುರ, ಕಡೆಗೆ ಹಂಪಿ. ಕಂಪನಿ ಸರ್ಕಾರದ ವಿರುದ್ಧ ಎದ್ದವರನ್ನು ಹುಡುಕಿ ಹೋಗುವವರಿಗೆ ಕಿತ್ತೂರು, ಬೈಲಹೊಂಗಲ, ನಂದಗಡ. ನಮ್ಮ ಕಾಲದ ಸೇನೆಯ ಕಥೆಗೆ ಮಡಿಕೇರಿ, ಕಾರವಾರ, ಬೆಂಗಳೂರು.

ಹೊರಡುವ ಮೊದಲು ಜಾಸ್ತಿ ಓದಬೇಕಿಲ್ಲ. ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಾಕು. ಯಾರು ಯಾರ ನಡುವೆ? ಯಾವ ತಿಂಗಳು? ಬಂದವರು ಯಾವ ದಿಕ್ಕಿನಿಂದ ಬಂದರು? ಊಟ ನೀರು ಎಲ್ಲಿಂದ ಸಿಗುತ್ತಿತ್ತು? ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಿ ನೆಟ್‌ವರ್ಕ್ ಸಿಗದೇ ಹೋಗಬಹುದು, ಚೀಟಿ ಕೈಕೊಡುವುದಿಲ್ಲ.

ಬಾಗಿಲು ತೆರೆದಿರುವ ದಿನ ನೋಡಿಕೊಳ್ಳಿ

ಒಮ್ಮೆ ನಾವು ಮನೆಮಂದಿಯೆಲ್ಲ ಇನ್ನೂರು ಕಿಲೋಮೀಟರ್ ಹೋಗಿ ಒಂದು ವಸ್ತುಸಂಗ್ರಹಾಲಯದ ಬೀಗ ನೋಡಿ ವಾಪಸ್ ಬಂದೆವು. ಅಂದು ಸೋಮವಾರ. ರಾಜ್ಯ ಸರ್ಕಾರದ ಹಲವು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಕೇಂದ್ರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ದುರಸ್ತಿ ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿರುವುದೂ ಉಂಟು. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿಬಿಡಿ.

ದಂಡು ಪ್ರದೇಶದ ಒಳಗಿರುವ ರೆಜಿಮೆಂಟ್ ವಸ್ತುಸಂಗ್ರಹಾಲಯಗಳ ವಿಷಯ ಬೇರೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಇಂಥ ಕಡೆ ಸುಮ್ನೆ ಹೋಗಿ ಗೇಟಿನ ಮುಂದೆ ನಿಂತರೆ ಒಳಗೆ ಬಿಡುವುದಿಲ್ಲ. ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಗುರುತಿನ ಚೀಟಿ ಎಲ್ಲರದೂ ಇರಲಿ. ಗೇಟು, ಪಹರೆ, ವಾಹನಗಳ ಫೋಟೋ ತೆಗೆಯಬೇಡಿ. ನಿಮ್ಮ ಪರಿಚಯದಲ್ಲಿ ಮಾಜಿ ಸೈನಿಕರಿದ್ದರೆ ಅವರ ಜೊತೆ ಹೋಗಿ. ಅನುಮತಿ ಸುಲಭವಾಗಬಹುದು. ಅದಕ್ಕಿಂತ ದೊಡ್ಡ ಲಾಭ ಏನೆಂದರೆ ಒಂದು ಹಳೆಯ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ನಿಂತು ಅವರು ಅರ್ಧ ಗಂಟೆ ಮಾತಾಡುತ್ತಾರೆ.

ಶ್ರೀರಂಗಪಟ್ಟಣ: ಒಂದು ಪೂರ್ತಿ ದಿನ ಕೊಡಿ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಶ್ರೀರಂಗಪಟ್ಟಣವನ್ನೇ. ಮೈಸೂರಿನಿಂದ 15 ಕಿಲೋಮೀಟರ್ ದೂರ. ರೈಲು ನಿಲ್ದಾಣ ಕೋಟೆಯ ಒಳಗೇ ಇದೆ, ಹಾಗಾಗಿ ಬೆಂಗಳೂರು ಕಡೆಯಿಂದ ಬರುವವರಿಗೂ ರೈಲು ಅನುಕೂಲ. ಇಡೀ ಕಥೆ ನಾಲ್ಕೈದು ಕಿಲೋಮೀಟರ್ ಉದ್ದದ ದ್ವೀಪದಲ್ಲಿ ಮುಗಿಯುತ್ತದೆ. ಹೆಚ್ಚಿನವರು ಕೋಟೆಯಿಂದ ಶುರು ಮಾಡುತ್ತಾರೆ. ನೀವು ಕಾಲದ ಕ್ರಮದಲ್ಲಿ ಹೋಗಿ. ಸ್ವಲ್ಪ ಹಿಂದೆ ಮುಂದೆ ಓಡಾಡಬೇಕಾಗುತ್ತದೆ, ಒಂದು ಆಟೋ ಮಾತಾಡಿಕೊಂಡರೆ ಆಯಿತು.

ಬೆಳಿಗ್ಗೆ ದರಿಯಾ ದೌಲತ್. 1784ರ ಈ ಬೇಸಿಗೆ ಅರಮನೆ ತೇಗದ ಕಂಬಗಳ ಮೇಲೆ ನಿಂತಿದೆ. ಒಳಗಿನ ವಸ್ತುಗಳಿಗಿಂತ ಮೊದಲು ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. ಅಲ್ಲಿರುವುದು ಪೊಳ್ಳಿಲೂರು ಕಾಳಗದ ಚಿತ್ರ. 1780ರ ಸೆಪ್ಟೆಂಬರಿನಲ್ಲಿ ಕಾಂಚಿಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ್ದರು. ಚಿತ್ರದಲ್ಲಿ ಮೂರನ್ನು ಹುಡುಕಿ. ಕೆಂಪು ಅಂಗಿಯವರು ಚೌಕಾಕಾರವಾಗಿ ನಿಂತಿರುವುದು, ನಡುವೆ ಪಲ್ಲಕ್ಕಿಯಲ್ಲಿ ಕೂತಿರುವ ಬೈಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಬಂಡಿ ಸಿಡಿದದ್ದೇ ಅಂದಿನ ಸೋಲಿಗೆ ಒಂದು ಮುಖ್ಯ ಕಾರಣ. ಮಕ್ಕಳಿದ್ದರೆ ಅವರಿಗೇ ಹುಡುಕಲು ಬಿಡಿ. ಫೋಟೋ ತೆಗೆಯಬಹುದೇ ಎಂದು ಬೋರ್ಡು ನೋಡಿ. ಬೇಡ ಎಂದರೆ ಬೇಡ, ಫ್ಲ್ಯಾಶ್ ಬೆಳಕು ಹಳೆಯ ಬಣ್ಣಕ್ಕೆ ಒಳ್ಳೆಯದಲ್ಲ.

ಅಲ್ಲಿಂದ ಕೋಟೆಯೊಳಗಿನ ಬಂದೀಖಾನೆಗೆ ಹೋಗಿ. ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕ ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಈ ಜಾಗಕ್ಕೆ ಅವನ ಹೆಸರೇ ಉಳಿದಿದೆ. ಸುಮಾರು 30 ಮೀಟರ್ ಉದ್ದದ ಕಮಾನಿನ ಕೋಣೆ. ಗೋಡೆಯ ಕಲ್ಲುಗಳಲ್ಲಿ ಸರಪಳಿ ಕಟ್ಟುವ ತೂತುಗಳಿವೆ. ನಡುವೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಸಮಯದಲ್ಲಿ ಮೇಲಿನಿಂದ ಚಾವಣಿ ಒಡೆದು ಬಿದ್ದದ್ದು ಎನ್ನುತ್ತಾರೆ. ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯೂ ಇದ್ದ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಇದೇ ಊರಿನಲ್ಲಿ ಬಂದಿಯಾಗಿದ್ದ. ಈ ಹೆಸರು ನೆನಪಿಟ್ಟುಕೊಳ್ಳಿ.

ಈಗ ವಾಯವ್ಯ ಮೂಲೆಗೆ ನಡೆಯಿರಿ. ಅಲ್ಲೊಂದು ಸ್ಮಾರಕ ಸ್ತಂಭ ಇದೆ, ಮೈಸೂರು ಸರ್ಕಾರ 1907ರಲ್ಲಿ ಹಾಕಿಸಿದ್ದು. ಫಿರಂಗಿ ಹೊಡೆದು ಕೋಟೆ ಒಡೆದ ಜಾಗ ಇದರ ಹತ್ತಿರವೇ. ಫಲಕ ಆಮೇಲೆ ಓದಿ. ಮೊದಲು ಹೊಳೆಗೆ ಮುಖ ಮಾಡಿ ಐದು ನಿಮಿಷ ನಿಲ್ಲಿ. ಎದುರು ದಡದಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ. ಅವರ ಪಾಳೆಯದಲ್ಲಿ ಆಹಾರ ಮುಗಿಯುತ್ತಾ ಬಂದಿತ್ತು, ಮಳೆಗಾಲ ಹತ್ತಿರ ಬರುತ್ತಿತ್ತು. ಕಾಯುವ ಹಾಗಿರಲಿಲ್ಲ. ಒಳಗಿದ್ದವರಿಗೆ ಬೇಕಾಗಿದ್ದದ್ದು ಮಳೆ ಒಂದೇ. ಮಧ್ಯಾಹ್ನದ ಬಿಸಿಲು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಕಾವಲುಗಾರರು ಊಟ, ವಿಶ್ರಾಂತಿಗೆ ಹೋಗುವ ಹೊತ್ತು ಅದು. ಹೊಳೆ ದಾಟಿ ಬಂದು ಗೋಡೆ ಹತ್ತಿದ ದಂಡಿನ ಮುಂದಾಳು ಯಾರು ಗೊತ್ತಾ? ಅದೇ ಡೇವಿಡ್ ಬೇರ್ಡ್. ತನ್ನನ್ನು ಕೂಡಿ ಹಾಕಿದ್ದ ಊರಿಗೆ ಕತ್ತಿ ಹಿಡಿದು ಬಂದಿದ್ದ. ಬಂದೀಖಾನೆಯನ್ನು ಮೊದಲು ನೋಡಿ ಎಂದು ನಾನು ಹೇಳಿದ್ದು ಇದಕ್ಕೇ.

ಒಂದು ಮಾತು. ಈಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇದೆ. ಆದ್ದರಿಂದ ನೀವು ಹೋದ ದಿನ ಹೊಳೆಯಲ್ಲಿ ಎಷ್ಟು ನೀರಿದೆ ಎನ್ನುವುದು ಕಟ್ಟೆಯಿಂದ ಬಿಟ್ಟ ನೀರಿನ ಮೇಲೆ ನಿಂತಿದೆ. ನೀರು ಕಡಿಮೆ ಕಂಡರೂ ಇಳಿಯಬೇಡಿ. ಮೇಲಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ.

ಗೋಡೆ ಹತ್ತಿದ ಮೇಲೆ ಸೈನ್ಯ ಎರಡು ಪಾಲಾಯಿತು. ಒಂದು ಉತ್ತರದ ಗೋಡೆ ಹಿಡಿದು, ಇನ್ನೊಂದು ದಕ್ಷಿಣದ ಗೋಡೆ ಹಿಡಿದು ಸಾಗಿತು. ಉತ್ತರದ ಪಾಲಿಗೆ ಎದುರಾದದ್ದು ಸ್ವತಃ ಟಿಪ್ಪು. ಹೊಳೆಯನ್ನು ಎಡಗಡೆಗಿಟ್ಟುಕೊಂಡು ಪೂರ್ವಕ್ಕೆ ನಡೆದು ಹೋಗಿ. ಅವನ ದೇಹ ಸಿಕ್ಕ ಜಾಗ ಬರುತ್ತದೆ, ಒಂದು ಕಲ್ಲಿನ ಫಲಕ ಇದೆ. ಒಡೆದ ಜಾಗದಿಂದ ಇಲ್ಲಿಯ ತನಕ ನಡೆದು ಬಂದವರಿಗೆ ಮಾತ್ರ ಆ ಮಧ್ಯಾಹ್ನ ಎಷ್ಟು ಸಣ್ಣ ಜಾಗದಲ್ಲಿ ನಡೆಯಿತು ಎಂಬುದು ಕಾಲಿಗೆ ಗೊತ್ತಾಗುತ್ತದೆ. ಗಾಡಿಯಲ್ಲಿ ಬಂದು ಇಳಿದವರಿಗೆ ಅದು ಬರೀ ಒಂದು ಫಲಕ.

ನಿಲ್ದಾಣದ ಹತ್ತಿರ ಮದ್ದಿನ ಮನೆ ನೋಡಿ. ಇಟ್ಟಿಗೆ ಗಾರೆಯ ದಪ್ಪ ಗೋಡೆ, ಅರ್ಧ ನೆಲದೊಳಗೆ ಹುದುಗಿರುವ ಕಟ್ಟಡ. ಜೋಡಿ ರೈಲು ಹಳಿ ಹಾಕಲು ಒಂದು ಮದ್ದಿನ ಮನೆ ಅಡ್ಡ ಬಂದಿತ್ತು. ಅದನ್ನು ಕೆಡವದೆ 2017ರಲ್ಲಿ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಹಳೆಯ ಕಟ್ಟಡ ಉಳಿಸಬೇಕೆಂಬ ಮನಸ್ಸಿದ್ದರೆ ದಾರಿ ಸಿಗುತ್ತದೆ ಎನ್ನುವುದಕ್ಕೆ ನಾನು ಎಲ್ಲರಿಗೂ ಇದನ್ನೇ ತೋರಿಸುತ್ತೇನೆ.

ಮಧ್ಯಾಹ್ನದ ಮೇಲೆ ಹೆದ್ದಾರಿಯ ಹತ್ತಿರ ಹೊಳೆ ದಡದಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ. ಹೆಚ್ಚು ಜನ ಇಲ್ಲಿಗೆ ಬರುವುದಿಲ್ಲ. ಇಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ. ಡಚ್ಚರ ಸಂಬಳಕ್ಕೆ ಸೇರಿದ್ದ ಈ ಕೂಲಿ ಸೈನ್ಯ ಆಮೇಲೆ ಇಂಗ್ಲಿಷರ ಕಡೆಗೆ ಬಂದಿತ್ತು. ಎಲ್ಲಿಯ ಆಲ್ಪ್ಸ್, ಎಲ್ಲಿಯ ಕಾವೇರಿ! ಕೆಲವು ಗೋರಿಗಳು ಹೆಂಗಸರು, ಮಕ್ಕಳದು. ಗೋರಿಗಳ ಮೇಲೆ ಕೂರಬೇಡಿ, ಜೋರಾಗಿ ಮಾತಾಡಬೇಡಿ.

ಇಲ್ಲಿ ನಿಂತಾಗ ನನಗೆ ಪ್ರತಿ ಸಲವೂ ಒಂದು ಯೋಚನೆ ಬರುತ್ತದೆ. ಅಂದು ಎರಡೂ ಕಡೆ ಸತ್ತವರಲ್ಲಿ ನಮ್ಮ ನೆಲದ ಸಿಪಾಯಿಗಳು ಎಷ್ಟೋ ಮಂದಿ. ಕಂಪನಿಯ ಕಡೆ ಮದ್ರಾಸಿನ ಸಿಪಾಯಿಗಳಿದ್ದರು, ನಿಜಾಮನ ಕಡೆಯವರಿದ್ದರು. ಕೋಟೆಯೊಳಗೆ ಇಲ್ಲಿಯವರೇ ಇದ್ದರು. ಅವರ ಹೆಸರು ಬರೆದ ಕಲ್ಲು ಎಲ್ಲಿದೆ? ನೀವೂ ಹುಡುಕಿ ನೋಡಿ. ಈ ಪ್ರಶ್ನೆ ಜೇಬಿನಲ್ಲಿದ್ದರೆ ಮುಂದಿನ ಎಲ್ಲಾ ಜಾಗಗಳೂ ಬೇರೆ ತರಹ ಕಾಣುತ್ತವೆ.

ಸಂಜೆ ದ್ವೀಪದ ಪೂರ್ವಕ್ಕಿರುವ ಗುಂಬಜ್‌ನಲ್ಲಿ ದಿನ ಮುಗಿಸಿ. ಹೈದರ್, ಅವನ ಹೆಂಡತಿ ಮತ್ತು ಟಿಪ್ಪು ಮೂವರ ಗೋರಿಯೂ ಅಲ್ಲಿದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಿ.

ನಗರದ ಬಾವಿ, ಶಿವಮೊಗ್ಗದ ರಾಕೆಟ್

ಮೈಸೂರಿನ ರಾಕೆಟ್ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಕಣ್ಣಾರೆ ನೋಡಬೇಕೆಂದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಪಾಳು ಬಾವಿಯ ಹೂಳು ತೆಗೆಯುವಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಕೆಸರಿನಲ್ಲಿ ಮದ್ದಿನ ವಾಸನೆ ಬರುತ್ತಿತ್ತಂತೆ. ಕಬ್ಬಿಣದ ಕೊಳವೆಗಳು, ಒಂದೊಂದೂ ಸುಮಾರು ಒಂದು ಗೇಣು ಉದ್ದ. ಅಷ್ಟು ಸಣ್ಣದು ಎಂದು ಮೊದಲು ನಂಬಿಕೆ ಬರುವುದಿಲ್ಲ. ಕಬ್ಬಿಣದ ಕೊಳವೆ ಆಗಿದ್ದರಿಂದ ಒಳಗಿನ ಮದ್ದನ್ನು ಒತ್ತಾಗಿ ತುಂಬಬಹುದಿತ್ತು, ಕಾಗದ ಬಿದಿರಿನ ಕೊಳವೆಗಿಂತ ದೂರ ಹೋಗುತ್ತಿತ್ತು.

ಸಮಯವಿದ್ದರೆ ಶಿವಮೊಗ್ಗ ನೋಡಿದ ಮೇಲೆ ನಗರದ ಕೋಟೆಗೂ ಹೋಗಿ. ಕೆಳದಿ ಅರಸರ ಬಿದನೂರು ಇದೇ. 1763ರಲ್ಲಿ ಹೈದರ್ ಹಿಡಿದ ಮೇಲೆ ಹೈದರ್‌ನಗರ ಆಯಿತು, ಈಗ ಬರೀ ನಗರ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ, ಉಂಬಳದ ಕಾಟವೂ ಇರುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಚಿತ್ರದುರ್ಗದಲ್ಲಿ ಕಿಂಡಿಯ ಮುಂದೆ

ಚಿತ್ರದುರ್ಗಕ್ಕೆ ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. ಇಬ್ಬರಿಗೆ ಮೂರು ಲೀಟರ್ ನೀರು, ತಲೆಗೆ ಟೋಪಿ, ಹಿಡಿತ ಇರುವ ಶೂ. ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ, ಕೋತಿಗಳು ಬಿಡುವುದಿಲ್ಲ. ಕೆಳಗೇ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳಿವೆ, ಅವಸರದಲ್ಲಿ ದಾಟಿ ಹೋಗಬೇಡಿ. ಮೊದಲ ಬಾಗಿಲಿನಿಂದಲೇ ದಾರಿ ಹೇಗೆ ತಿರುಗಿ ತಿರುಗಿ ಹೋಗುತ್ತದೆ ನೋಡಿ. ಓಡಿ ಬರುವವರ ವೇಗ ಮುರಿಯಲು, ಆನೆ ನುಗ್ಗಿ ಬಾಗಿಲು ಗುದ್ದದಂತೆ ಮಾಡಲು ಹಾಗೆ ಕಟ್ಟಿದ್ದಾರೆ.

ಓಬವ್ವನ ಕಿಂಡಿ ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದು ಕಂಡಿತು ಎಂಬ ಕಥೆ ನಮಗೆಲ್ಲ ಬಾಯಿಪಾಠ. ಕಿಂಡಿಯ ಮುಂದೆ ಬಗ್ಗಿ ನೋಡಿ. ಒಳಗೆ ಬರುವವನು ಮೊದಲು ತಲೆ ಹಾಕಲೇಬೇಕು, ಒಂದು ಸಲಕ್ಕೆ ಒಬ್ಬನೇ. ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಜನರನ್ನು ತಡೆದದ್ದು ಹೇಗೆ ಎಂದು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಅತ್ತೆ ಅಲ್ಲಿ ಕೈಮುಗಿದು ನಿಂತವರು ಎಷ್ಟು ಹೊತ್ತಾದರೂ ಕದಲಲಿಲ್ಲ. ಕೋಟೆ ಕಡೆಗೆ ಹೈದರನ ಕೈಸೇರಿದ್ದು 1779ರಲ್ಲಿ.

ಉತ್ತರಕ್ಕೆ ಹೋಗುವವರಿಗೆ

ತಾಳಿಕೋಟೆ ಕದನದ ಜಾಗ ನೋಡಬೇಕೆಂದು ತಾಳಿಕೋಟೆ ಊರಿಗೆ ಹೋಗುವವರಿದ್ದಾರೆ. ದಖ್ಖನ್ನಿನ ಸುಲ್ತಾನರು ವಿಜಯನಗರವನ್ನು ಸೋಲಿಸಿದ 1565ರ ಜನವರಿ 23ರ ಆ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಎಂಬ ಹೆಸರೂ ಇದೆ. ಎರಡೂ ಕೃಷ್ಣಾ ತೀರದ ಕಡೆಯ ಹಳ್ಳಿಗಳು. ಕಾಳಗ ಸರಿಯಾಗಿ ಎಲ್ಲಿ ನಡೆಯಿತು ಎನ್ನುವ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ. ದೊಡ್ಡ ಸ್ಮಾರಕ, ಟಿಕೆಟ್ ಕೌಂಟರ್ ಹುಡುಕಿಕೊಂಡು ಹೋದರೆ ಬೇಜಾರಾಗುತ್ತದೆ. ಹೊಲ, ಹೊಳೆ, ಬಯಲು, ಅಷ್ಟೇ. ಆದರೆ ಆ ಬಯಲನ್ನು ನೋಡಿ. ಆನೆ, ಕುದುರೆ, ಫಿರಂಗಿ ಸಾಲುಗಳು ಎದುರು ಬದುರು ನಿಲ್ಲಲು ಎಂಥ ಜಾಗ ಬೇಕಿತ್ತು ಎಂದು ಅಲ್ಲಿ ಗೊತ್ತಾಗುತ್ತದೆ. ಹೊಲದಲ್ಲಿ ಬೆಳೆ ಇದ್ದರೆ ಬದುವಿನ ಮೇಲೆ ನಡೆಯಿರಿ, ರೈತರನ್ನು ಕೇಳಿಯೇ ಕಾಲಿಡಿ. ಜನವರಿಯಲ್ಲಿ ಹೋದರೆ ಜೋಳದ ತೆನೆ ತೂಗುತ್ತಿರುತ್ತವೆ. ಯುದ್ಧ ನಡೆದದ್ದೂ ಅದೇ ತಿಂಗಳು.

ಆ ಕಾಲದ ಫಿರಂಗಿ ಎಂಥದ್ದು ಎಂದು ತಿಳಿಯಲು ವಿಜಯಪುರದ ಮಲಿಕ್-ಎ-ಮೈದಾನ್ ಮುಂದೆ ನಿಲ್ಲಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕ. ಬಾಯಿ ಸಿಂಹದ ಮುಖ, ಹಲ್ಲಿನ ನಡುವೆ ಆನೆ ನುಜ್ಜಾಗುತ್ತಿದೆ. 1854ರಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿದ್ದರು, ಪುಣ್ಯಕ್ಕೆ ಮಾರಾಟ ರದ್ದಾಯಿತು. ಹತ್ತಿರದ ಉಪ್ಪಲಿ ಬುರುಜನ್ನೂ ಹತ್ತಿ. 1584ರದ್ದು, ಎತ್ತರ 80 ಅಡಿ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಒಂದು ಬದಿ ಬಯಲು, ಮಕ್ಕಳ ಕೈ ಬಿಡಬೇಡಿ.

ರಾಯಚೂರು ಕೋಟೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲು ಗೋಡೆಯಲ್ಲಿ ಕೂತಿದೆ. 1294ರ ಶಾಸನ. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತರುವ ಚಿತ್ರವನ್ನೂ ಕೊರೆದಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಗೆದ್ದದ್ದು ಈ ಕೋಟೆಗಾಗಿ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಫಲವತ್ತಾದ ದೋಆಬಿಗಾಗಿ ತಲೆಮಾರುಗಟ್ಟಲೆ ಬಡಿದಾಡಿದ್ದಾರೆ.

ಕಿತ್ತೂರು ಧಾರವಾಡ-ಬೆಳಗಾವಿ ಹೆದ್ದಾರಿಯ ಪಕ್ಕದಲ್ಲೇ ಇದೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಈ ಬಾಗಿಲ ಮುಂದೆ ಗುಂಡು ತಿಂದು ಬಿದ್ದ. ಗುಂಡು ಹೊಡೆದವನು ಅಮಟೂರು ಬಾಳಪ್ಪ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಈಗ ಅರಮನೆಯ ಗೋಡೆಗಳಷ್ಟೇ ಉಳಿದಿವೆ, ಆವರಣದಲ್ಲಿ ವಸ್ತುಸಂಗ್ರಹಾಲಯ ಇದೆ. ಅಕ್ಟೋಬರ್ ಕೊನೆಯಲ್ಲಿ ಉತ್ಸವ ನಡೆಯುತ್ತದೆ. ಜನಜಾತ್ರೆ ಇಷ್ಟವಾದವರು ಆಗ ಹೋಗಿ. ಕೋಟೆಯನ್ನು ನಿಧಾನವಾಗಿ ನೋಡಬೇಕೆನ್ನುವವರು ಬೇರೆ ತಿಂಗಳು ಹೋಗುವುದು ಒಳ್ಳೆಯದು. ಅಲ್ಲಿಂದ ಬೈಲಹೊಂಗಲಕ್ಕೆ ಹೋದರೆ ಚೆನ್ನಮ್ಮನ ಸಮಾಧಿ. ಇನ್ನೊಂದು ದಿಕ್ಕಿಗೆ ನಂದಗಡ, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಅಲ್ಲಿ ಆಲದ ಮರದ ಕೆಳಗೆ ಜನ ಇಂದಿಗೂ ಹರಕೆ ಹೊರುತ್ತಾರೆ. ನೋಡಲು ಬಂದವರಂತೆ ಕ್ಯಾಮೆರಾ ಹಿಡಿದು ನುಗ್ಗಬೇಡಿ, ಅವರ ಪೂಜೆ ಮುಗಿಯಲಿ.

ನಮ್ಮ ಕಾಲದ ಸೈನಿಕರು

ಮಡಿಕೇರಿಯ ಸನ್ನಿ ಸೈಡ್ ಜನರಲ್ ತಿಮ್ಮಯ್ಯ ಬೆಳೆದ ಮನೆ. 2021ರ ಫೆಬ್ರವರಿಯಿಂದ ಅದು ವಸ್ತುಸಂಗ್ರಹಾಲಯ. ಹೊರಗಿನ ಟ್ಯಾಂಕಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಹಾಗೆ ನಿಂತಾಗ ಮಕ್ಕಳಿಗೆ ಜೊಜಿ ಲಾ ಕಥೆ ಹೇಳಿ. 1948ರ ನವೆಂಬರಿನಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಈ 11,000 ಅಡಿಗೂ ಎತ್ತರದ ಹಿಮದ ಕಣಿವೆಗೆ ತಿಮ್ಮಯ್ಯ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆ ಎಂದು ಎದುರಾಳಿಗಳು ಎಣಿಸಿರಲಿಲ್ಲ. ಮುಂದೆ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾದರು, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಒಂದು ಮನೆಯಿಂದ ಹೊರಟ ಹುಡುಗ ಎಲ್ಲೆಲ್ಲಿ ಹೋದ ಎಂದು ಕೋಣೆಯಿಂದ ಕೋಣೆಗೆ ಹೋಗುತ್ತಾ ತಿಳಿಯುತ್ತದೆ. ಊರಿನಲ್ಲೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆಯೂ ಇದೆ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 23 ವರ್ಷಗಳ ಮೇಲೆ.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯ ಒಳಗೇ ಹೋಗಿ ನೋಡಬಹುದು. ಇದು 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ದೋಣಿ ಎಂದು ಹಲವರು ಹೇಳುತ್ತಾರೆ. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದದ್ದು ಇದೇ ಬಗೆಯ, ಇದಕ್ಕಿಂತ ಹಳೆಯ ದೋಣಿಗಳು. ಒಳಗಿನ ಇಕ್ಕಟ್ಟು ನೋಡಿದರೆ ಅಂದು ಹೋದವರ ಪಾಡು ಗೊತ್ತಾಗುತ್ತದೆ. ತಲೆ ಬಗ್ಗಿಸಿ ನಡೆಯಿರಿ, ಮಂಡಿನೋವಿನವರಿಗೆ ಏಣಿ ಕಷ್ಟ. ಹತ್ತಿರದಲ್ಲೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಇದೆ. ಕಾರವಾರದ ಪಕ್ಕದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು.

ಬೆಂಗಳೂರಿನಲ್ಲಿ ಒಂದು ದಿನ ಸಾಕು. ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಯಲ್ಲಿ 1791ರ ಮಾರ್ಚ್ 21ರ ದಾಳಿಯ ಫಲಕ ಇದೆ. ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇಲ್ಲೇ ತಯಾರಾದ ಮಾರುತ್ ಯುದ್ಧವಿಮಾನ ನೋಡಿ. ಜೆ.ಸಿ. ನಗರದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಮೆಷಿನ್‌ಗನ್ನುಗಳ ಎದುರು ಕುದುರೆ ಓಡಿಸಿದವರಲ್ಲಿ ನಮ್ಮ ಮೈಸೂರಿನವರಿದ್ದರು. ದಿನವೂ ಅದರ ಮುಂದೆ ಹಾದು ಹೋಗುವವರಿಗೂ ಅದೇನೆಂದು ಗೊತ್ತಿಲ್ಲ. ನಿಲ್ಲಿಸಿ ಹೆಸರುಗಳನ್ನು ಓದಿ.

ಅಲ್ಲಿ ಹೇಗೆ ನಡೆದುಕೊಳ್ಳಬೇಕು

ಕಥೆ ಕೇಳಿ, ಆದರೆ ಬೇರೆ ಬೇರೆ ಇಡಿ. ನಾನು ಪುಸ್ತಕದ ಎರಡು ಪುಟ ಮಾಡಿಕೊಂಡಿದ್ದೇನೆ. ಒಂದರಲ್ಲಿ ಶಾಸನ, ಫಲಕ ಹೇಳಿದ್ದು, ಇನ್ನೊಂದರಲ್ಲಿ ಊರಿನವರು ಹೇಳಿದ್ದು. ಎರಡೂ ಬೇಕು. ಹಲಗಲಿಯ ಬೇಡರು 1857ರಲ್ಲಿ ಆಯುಧ ಕೊಡುವುದಿಲ್ಲ ಎಂದು ಎದ್ದ ಕಥೆ ಇಷ್ಟು ಚೆನ್ನಾಗಿ ಉಳಿದದ್ದು ಲಾವಣಿಯಿಂದ. ಹಾಗೆಂದು ಗೈಡ್ ಹೇಳಿದ ಸುರಂಗಗಳನ್ನೆಲ್ಲ ನಂಬಬೇಕಿಲ್ಲ. ಪ್ರತಿ ಕೋಟೆಯಲ್ಲೂ ಮೈಸೂರಿಗೆ ಹೋಗುವ ಸುರಂಗ ಇರಲು ಸಾಧ್ಯವಿಲ್ಲ ಅಲ್ವಾ?

ಹಳೆಯ ಗುಂಡು, ನಾಣ್ಯ, ಕಬ್ಬಿಣದ ಚೂರು ಕಂಡರೆ ಎತ್ತಿ ಜೇಬಿಗೆ ಹಾಕಬೇಡಿ. ಸಿಕ್ಕ ಜಾಗವೇ ಅರ್ಧ ಕಥೆ. ಫೋಟೋ ತೆಗೆದು ಹತ್ತಿರದ ಪುರಾತತ್ವ ಇಲಾಖೆಯ ಸಿಬ್ಬಂದಿಗೋ ತಹಶೀಲ್ದಾರರಿಗೋ ತಿಳಿಸಿ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಆಗಬಹುದು. ಡ್ರೋನ್ ಹಾರಿಸಲು ಅನುಮತಿ ಬೇಕು. ಬುರುಜಿನ ಅಂಚಿನಲ್ಲಿ ಸೆಲ್ಫಿ ಬೇಡವೇ ಬೇಡ, ಹಳೆಯ ಗಾರೆ ಕಾಲಿಟ್ಟಲ್ಲಿ ಉದುರುತ್ತದೆ.

ಕೊನೆಗೆ ನಿಮ್ಮ ಊರಿನ ವೀರಗಲ್ಲು

ಇಷ್ಟು ದೂರ ಹೋಗಲು ಆಗದವರು ತಮ್ಮ ಊರಿನಲ್ಲೇ ಶುರು ಮಾಡಬಹುದು. ಕೆರೆ ಏರಿಯ ಮೇಲೋ, ಹಳೆಯ ಗುಡಿಯ ಹಿಂದೆಯೋ ಒಂದು ವೀರಗಲ್ಲು ಇರಬಹುದು. ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಪಕ್ಕದಲ್ಲಿ ದನ ಕಂಡರೆ ಅದು ತುರುಗೋಳ್, ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವನ ಕಲ್ಲು. ಶ್ರೀರಂಗಪಟ್ಟಣದ ಸಿಪಾಯಿಗೆ ಸಿಗದ ಕಲ್ಲು, ಸಾವಿರ ವರ್ಷದ ಹಿಂದೆ ಒಬ್ಬ ಹಳ್ಳಿಯವನಿಗೆ ಸಿಕ್ಕಿತ್ತು. ಮನುಷ್ಯರಿಗಷ್ಟೇ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ 949-950ರ ತಕ್ಕೋಲದ ಯುದ್ಧದ ಬಗ್ಗೆ ಹೇಳುತ್ತದೆ. ಗೆದ್ದ ಮೇಲೆ ದೊರೆ ಏನು ಬೇಕು ಕೇಳು ಎಂದಾಗ ಮಣಲೆರ ಎಂಬ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಾಗ ಈ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ನಿಮ್ಮ ಊರಿನ ಕಲ್ಲನ್ನು ನೋಡಲು ಬೆಳಿಗ್ಗೆ ಏಳು ಗಂಟೆಗೆ ಅಥವಾ ಸಂಜೆ ಐದಕ್ಕೆ ಹೋಗಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ. ನೆರಳಿದ್ದರೆ ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು. ಊರಿನವರು ಪೂಜೆ ಮಾಡುತ್ತಿದ್ದರೆ ಮೊದಲು ಅವರನ್ನು ಕೇಳಿ. ಕಲ್ಲು ಮಣ್ಣಿನಲ್ಲಿ ಅರ್ಧ ಹೂತಿದ್ದರೆ ನೀವೇ ಅಗೆಯಲು ಹೋಗಬೇಡಿ. ನಾಲ್ಕೂ ಬದಿಯ ಫೋಟೋ ತೆಗೆದು, ಜಾಗದ ಗುರುತು ಬರೆದು, ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೆ ಕಳಿಸಿ.